ಕುಸ್ತಿ ಆಡುವ ಜಾಗದಲ್ಲಿ ಪ್ಲೇಟೋಗೆ ಏನು ಕೆಲಸ?

ಓದುಗರ ಪ್ರಶ್ನೆ: ಪ್ಲೇಟೋ, ಅರಿಸ್ಟಾಟಲ್ ಇಬ್ಬರೂ ಜಿಮ್ನೇಸಿಯಂನಲ್ಲಿ ಪಾಠ ಮಾಡುತ್ತಿದ್ದರಂತೆ. ಇದು ನಿಜಾನಾ? ಕಸರತ್ತಿನ ಜಾಗಕ್ಕೂ ತತ್ವಶಾಸ್ತ್ರಕ್ಕೂ ಏನು ಸಂಬಂಧ?

ನಿಜ. ಅಥೆನ್ಸ್‌ನ ಕೋಟೆಗೋಡೆಯ ಹೊರಗೆ ಮೂರು ಹೆಸರಾಂತ ಜಿಮ್ನೇಸಿಯಂಗಳಿದ್ದವು: ಅಕಾಡೆಮಿ, ಲೈಸಿಯಂ, ಕೈನೋಸಾರ್ಗೆಸ್. ಕ್ರಿ.ಪೂ. 387ರ ಸುಮಾರಿಗೆ ಪ್ಲೇಟೋ ಅಕಾಡೆಮಿಯ ಹತ್ತಿರ ಪಾಠ ಶುರು ಮಾಡಿದ. ಕ್ರಿ.ಪೂ. 335ರಲ್ಲಿ ಅರಿಸ್ಟಾಟಲ್ ಲೈಸಿಯಂಗೆ ಬಂದ. ಅವರು ಕಾಲಿಡುವ ಎಷ್ಟೋ ವರ್ಷ ಮೊದಲೇ ಅಲ್ಲಿ ಹುಡುಗರು ಓಡುತ್ತಿದ್ದರು, ಕುಸ್ತಿ ಆಡುತ್ತಿದ್ದರು.

ಈಗಿನ ಎಸಿ ಜಿಮ್ ನೆನೆಸಿಕೊಂಡರೆ ಇದು ತಲೆಗೆ ಹತ್ತುವುದಿಲ್ಲ. ಆಗಿನ ಜಿಮ್ನೇಸಿಯಂ ಊರಿಗೆ ಸೇರಿದ ವಿಶಾಲ ಜಾಗ: ಓಡುವುದಕ್ಕೆ ದಾರಿ, ಕುಸ್ತಿಗೆ ಅಂಗಳ, ಕೂರುವುದಕ್ಕೆ ಕಂಬಗಳ ಪಡಸಾಲೆ, ಸ್ನಾನಕ್ಕೆ ನೀರು, ಮರಗಳ ನೆರಳು, ಜೊತೆಗೆ ದೇವರ ಪೂಜೆ. ಮೈಗೆ ಎಣ್ಣೆ, ಅದರ ಮೇಲೆ ಮಣ್ಣು ಅಂದರೆ ನಮ್ಮ ಗರಡಿಮನೆ ನೆನಪಾಗುತ್ತದೆ ಅಲ್ವಾ, ಆದರೆ ಅಲ್ಲಿ ಲಂಗೋಟಿಯೂ ಇಲ್ಲ, ಎಲ್ಲ ಬರೀ ಮೈಯಲ್ಲೇ. ಆಮೇಲೆ ಬಾಗಿದ ಲೋಹದ ಪಟ್ಟಿಯಿಂದ ಎಣ್ಣೆ ಮಣ್ಣೆಲ್ಲ ಕೆರೆದು ತೆಗೆಯುತ್ತಿದ್ದರು.

ತತ್ವಜ್ಞಾನಿಗಳು ಅಲ್ಲಿಗೆ ಹೋಗಿದ್ದಕ್ಕೆ ಕಾರಣ ಸರಳ: ಕೇಳುವವರು ಅಲ್ಲಿದ್ದರು. ಹೊಟ್ಟೆಪಾಡಿನ ಚಿಂತೆಯಿಲ್ಲದ, ದಿನವಿಡೀ ಬಿಡುವಿದ್ದ ಶ್ರೀಮಂತರ ಮನೆ ಹುಡುಗರು ಬೇರೆಲ್ಲಿ ಇಷ್ಟೊಂದು ಜನ ಒಟ್ಟಿಗೆ ಸಿಗುತ್ತಾರೆ? ಸಾಕ್ರಟೀಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಪ್ಲೇಟೋನ ‘ಲೈಸಿಸ್’ ಸಂವಾದ ಶುರುವಾಗುವುದೇ ಹೀಗೆ: ಸಾಕ್ರಟೀಸ್ ಅಕಾಡೆಮಿಯಿಂದ ನೇರ ಲೈಸಿಯಂ ಕಡೆ ಹೊರಟಿರುತ್ತಾನೆ, ದಾರಿಯಲ್ಲಿ ಸಿಕ್ಕ ಹುಡುಗರು ಹೊಸದಾಗಿ ಕಟ್ಟಿದ ಕುಸ್ತಿಶಾಲೆಗೆ ಕರೆಯುತ್ತಾರೆ, ಅಲ್ಲಿ ಗೆಳೆತನ ಅಂದರೇನು ಅಂತ ಚರ್ಚೆ ಬೀಳುತ್ತದೆ.

ಹಾಗಂತ ಜಿಮ್ನೇಸಿಯಂ ಮೊದಲಿನಿಂದ ಶಾಲೆಯಾಗಿತ್ತು ಅಂದುಕೊಳ್ಳಬೇಡಿ. ಅಥೆನ್ಸ್‌ನ ಹುಡುಗ ಅಕ್ಷರಕ್ಕೆ ಒಬ್ಬ ಮೇಷ್ಟ್ರ ಹತ್ತಿರ, ತಂತಿವಾದ್ಯಕ್ಕೆ ಇನ್ನೊಬ್ಬರ ಹತ್ತಿರ, ಕುಸ್ತಿಗೆ ಮತ್ತೊಬ್ಬ ಉಸ್ತಾದರ ಹತ್ತಿರ ಹೋಗುತ್ತಿದ್ದ. 18 ತುಂಬಿದವರಿಗೆ ಎರಡು ವರ್ಷ ಸೈನಿಕ ತರಬೇತಿ. ಮುಂದೆ ಇದು ಒಂದೇ ವರ್ಷಕ್ಕೆ ಇಳಿಯಿತು, ಕಡ್ಡಾಯವೂ ಹೋಯಿತು. ಕ್ರಿ.ಪೂ. 2ನೇ ಶತಮಾನದ ಕೊನೆಯ ಹೊತ್ತಿಗೆ ಈ ಯುವಕರು ತತ್ವಜ್ಞಾನಿಗಳ ಪಾಠ ತಪ್ಪದೇ ಕೇಳಿದರು ಅಂತ ಹೊಗಳಿ ಊರು ಶಾಸನ ಕೆತ್ತಿಸುತ್ತಿತ್ತು!

ದುಡ್ಡು? ಜಿಮ್ನೇಸಿಯಂ ನೋಡಿಕೊಳ್ಳುವ ಅಧಿಕಾರಿಯೇ ಎಷ್ಟೋ ಸಲ ಎಣ್ಣೆಯ ಖರ್ಚನ್ನು ಕೈಯಿಂದ ಹಾಕುತ್ತಿದ್ದ, ಬದಲಿಗೆ ಊರಿನಲ್ಲಿ ಹೆಸರು. ಈಗಿನ ಟರ್ಕಿಯಲ್ಲಿದ್ದ ಗ್ರೀಕ್ ಊರು ಮಿಲೆಟಸ್‌ನಲ್ಲಿ ಕ್ರಿ.ಪೂ. 200ರ ಸುಮಾರಿಗೆ ಯೂಡೆಮಸ್ ಎಂಬಾತ ಮಕ್ಕಳ ಕಲಿಕೆಗೆ 10 ಟ್ಯಾಲೆಂಟ್ (ಅಂದರೆ 60,000 ಡ್ರಾಕ್ಮಾ) ಬೆಳ್ಳಿ ಹಣ ದಾನ ಕೊಟ್ಟ. ಅದರಲ್ಲಿ ಅಕ್ಷರ ಕಲಿಸುವವನಿಗೆ ತಿಂಗಳಿಗೆ 40 ಡ್ರಾಕ್ಮಾ, ಕುಸ್ತಿ ಉಸ್ತಾದನಿಗೆ 30. ಗ್ರೀಕರಿಗೆ ಮೈಕಟ್ಟೇ ಎಲ್ಲ ಅನ್ನುವವರು ಈ ಸಂಬಳಪಟ್ಟಿ ನೋಡಬೇಕು.

ಆದರೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇದೇ. ಮ್ಯಾಸಿಡೋನಿಯದ ಬೆರೋಯಾ ಊರಿನ ಜಿಮ್ನೇಸಿಯಂ ಕಾನೂನು ಕಲ್ಲಿನಲ್ಲಿ ಕೆತ್ತಿದ್ದು ಉಳಿದಿದೆ. ಗುಲಾಮರು, ಬಿಡುಗಡೆಯಾದ ಗುಲಾಮರು, ಅವರ ಮಕ್ಕಳು, ಸಂತೆಯಲ್ಲಿ ವ್ಯಾಪಾರ ಮಾಡುವವರು, ಕುಡಿದವರು, ಹುಚ್ಚು ಹಿಡಿದವರು, ಇವರೆಲ್ಲ ಅಲ್ಲಿ ಬಟ್ಟೆ ಕಳಚುವಂತಿಲ್ಲ. ಅಂದರೆ ಎಣ್ಣೆ ಹಚ್ಚಿಕೊಂಡು ಒಳಗೆ ನಿಲ್ಲುವ ಹಕ್ಕೇ ‘ನಾನು ಈ ಊರಿನ ಮರ್ಯಾದಸ್ಥ’ ಅನ್ನುವುದಕ್ಕೆ ಗುರುತು. ಅಲೆಕ್ಸಾಂಡರ್ ದಂಡಯಾತ್ರೆಯ ನಂತರ ಗ್ರೀಕರು ಹೋದಲ್ಲೆಲ್ಲ ಜಿಮ್ನೇಸಿಯಂ ಕಟ್ಟಿದ್ದು ಸುಮ್ನೆ ಅಲ್ಲ. ಈಗಿನ ಅಫ್ಘಾನಿಸ್ತಾನದ ಐ ಖಾನುಂನಲ್ಲೂ ಒಂದು ಸಿಕ್ಕಿದೆ. ಟ್ರಿಬಾಲಸ್, ಸ್ಟ್ರಾಟೊ ಎಂಬ ಅಣ್ಣತಮ್ಮಂದಿರು ಹರ್ಮೀಸ್ ಮತ್ತು ಹೆರಾಕ್ಲೀಸ್ ದೇವರಿಗೆ ಕೊಟ್ಟ ಕಾಣಿಕೆಯ ಬರಹವೂ ಅಲ್ಲಿ ಸಿಕ್ಕಿತು.