ಸ್ಟೋನ್‌ಹೆಂಜ್ ಕಟ್ಟಿದ್ದು ಡ್ರೂಯಿಡ್‌ಗಳಲ್ಲ, ಈಗಲೂ ಅಲ್ಲ

ಪ್ರಶ್ನೆ: ಪ್ರಾಚೀನ ಯುರೋಪಿನ ಕೆಲ್ಟ್ ಜನರು ಮತ್ತು ಅವರ ಡ್ರೂಯಿಡ್ ಪುರೋಹಿತರ ಬಗ್ಗೆ ಓದುವುದನ್ನೆಲ್ಲ ಎಷ್ಟು ನಂಬಬಹುದು? ಇಂಗ್ಲೆಂಡಿನ ಕಲ್ಲಿನ ವೃತ್ತ ಸ್ಟೋನ್‌ಹೆಂಜ್ ಕಟ್ಟಿದ್ದು ಅವರೇ ಅಲ್ವಾ?

ಎರಡನೆಯದನ್ನು ಮೊದಲು ಮುಗಿಸಿಬಿಡೋಣ. ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮಾತ್ರ ಬರುತ್ತಲೇ ಇರುತ್ತದೆ. ಅಲ್ಲಿನ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರೂಯಿಡ್‌ಗಳ ಬಗ್ಗೆ ರೋಮನ್ ಸೇನಾಪತಿ ಜೂಲಿಯಸ್ ಸೀಸರ್ ಬರೆದದ್ದು ಕ್ರಿ.ಪೂ. 50ರ ಆಸುಪಾಸಿನಲ್ಲಿ. ನಡುವೆ ಹೆಚ್ಚುಕಡಿಮೆ ಎರಡೂವರೆ ಸಾವಿರ ವರ್ಷ!

ಮತ್ತೆ ಈ ಕಥೆ ಹುಟ್ಟಿದ್ದೆಲ್ಲಿ? 17ನೇ ಶತಮಾನದಲ್ಲಿ ಇಂಗ್ಲೆಂಡಿನ ಪುರಾತತ್ವಾಸಕ್ತ ಜಾನ್ ಆಬ್ರಿ ಹಾಗೊಂದು ಊಹೆ ಮಾಡಿದ. 1740ರಲ್ಲಿ ಅಂಥವನೇ ಇನ್ನೊಬ್ಬ, ವಿಲಿಯಂ ಸ್ಟಕ್ಲಿ, ಅದನ್ನೇ ಹಿಡಿದು ಪುಸ್ತಕ ಬರೆದ. ಅವರನ್ನು ಬೈಯುವ ಹಾಗಿಲ್ಲ. ಕಲ್ಲುಗಳು ರೋಮನ್ನರಿಗಿಂತ ಹಳೆಯವು ಎಂದು ಗುರುತಿಸಿದ್ದೇ ದೊಡ್ಡದು. ರೋಮನ್ನರಿಗಿಂತ ಮುಂಚಿನ ಪುರೋಹಿತರು ಎಂದರೆ ಅವರಿಗೆ ಗೊತ್ತಿದ್ದ ಹೆಸರು ಇದೊಂದೇ. ಹಳೆಯ ವಸ್ತುಗಳ ವಯಸ್ಸು ಹೇಳುವ ಕಾರ್ಬನ್ ಪರೀಕ್ಷೆ ಬಂದ ಮೇಲೂ ನಾವು ಅದನ್ನೇ ಹೇಳುತ್ತಿದ್ದರೆ ಹೇಗೆ? ಬಿಳಿ ನಿಲುವಂಗಿಯವರು ಅಲ್ಲಿ ಸೇರಿರುವ ಫೋಟೋ ದಯವಿಟ್ಟು ಕಳಿಸಬೇಡಿ. ಅವರು ಡ್ರೂಯಿಡ್ ಹೆಸರಿಟ್ಟುಕೊಂಡ ಈ ಕಾಲದ ಸಂಘಗಳವರು. ಅಂಥದ್ದೊಂದು ಸಂಘ 1905ರಲ್ಲೇ ಅಲ್ಲಿ ಸಮಾರಂಭ ಮಾಡಿತ್ತು. ಬಿಳಿ ಬಟ್ಟೆ, ಚಿನ್ನದ ಕುಡುಗೋಲು, ಓಕ್ ಮರದ ಬಂದಳಿಕೆ ಎಲ್ಲ ಬಂದದ್ದು ರೋಮನ್ ಲೇಖಕ ಪ್ಲಿನಿಯ ಒಂದು ಪ್ಯಾರಾದಿಂದ. ಅವನು ಹೇಳುತ್ತಿದ್ದುದೂ ಗಾಲ್ ಬಗ್ಗೆ, ಅಂದರೆ ಇಂದಿನ ಫ್ರಾನ್ಸ್ ಕಡೆಯದು.

ಇನ್ನು ಮೊದಲ ಪ್ರಶ್ನೆ. ಕೆಲ್ಟರ ಬದುಕಿನ ಬಗ್ಗೆ ಮಣ್ಣು ಸಾಕಷ್ಟು ಹೇಳುತ್ತದೆ: ಗೋರಿ, ಕೋಟೆ, ಆಯುಧ, ಒಡವೆ. 1897ರಲ್ಲಿ ಫ್ರಾನ್ಸಿನ ಕೊಲಿನ್ಯಿಯಲ್ಲಿ ಗಾಲ್ ಭಾಷೆಯ ಕಂಚಿನ ಪಂಚಾಂಗವೇ ಸಿಕ್ಕಿತು. ಡ್ರೂಯಿಡ್‌ಗಳ ವಿಷಯ ಹಾಗಲ್ಲ. ತಮ್ಮ ವಿದ್ಯೆಯನ್ನು ಅವರು ಬರೆದಿಡಲೇ ಇಲ್ಲ. ಬರೆದವರು ಗ್ರೀಕರು, ರೋಮನ್ನರು, ಎಷ್ಟೋ ಶತಮಾನದ ನಂತರ ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು. ಸೀಸರ್ ಅಂತೂ ಗಾಲ್ ಗೆಲ್ಲಲು ಹೋದವನು. ಗಾಲ್‌ನ ಈಡುಯಿ ಎಂಬ ಜನರ ಮುಖಂಡ ಡಿವಿಸಿಯಾಕಸ್ ಅವನಿಗೆ ಆಪ್ತ. ಆದರೆ ಈತ ಡ್ರೂಯಿಡ್ ಎಂದು ಸೀಸರ್ ಎಲ್ಲೂ ಹೇಳುವುದಿಲ್ಲ. ನಮಗೆ ಅದು ತಿಳಿದದ್ದು ರೋಮನ್ ವಾಗ್ಮಿ ಸಿಸೆರೋನಿಂದ. ಹಾಗಿರುವಾಗ ಸೀಸರನ ಮಾತನ್ನು ಕಣ್ಣುಮುಚ್ಚಿ ನಂಬುವುದು ಹೇಗೆ?

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಡ್ರೂಯಿಡ್ ವಿದ್ಯೆ ಕಲಿಯುವ ಕೆಲವರು 20 ವರ್ಷ ಬಾಯಿಪಾಠ ಮಾಡುತ್ತಿದ್ದರು ಎಂದು ಸೀಸರ್ ಬರೆಯುತ್ತಾನೆ. ನಮ್ಮಲ್ಲಿ ವೇದವೂ ಬಾಯಿಂದ ಬಾಯಿಗೆ ಬಂದದ್ದೇ. ಅದು ಉಳಿಯಿತು, ಇದೇಕೆ ಉಳಿಯಲಿಲ್ಲ? ಹೇಳಿಕೊಡುವವರ ಸಾಲೇ ಕಡಿದುಹೋಯಿತು. ರೋಮನ್ ಚಕ್ರವರ್ತಿಗಳಾದ ಟೈಬೀರಿಯಸ್, ಕ್ಲಾಡಿಯಸ್ ಇಬ್ಬರೂ ಡ್ರೂಯಿಡ್‌ಗಳನ್ನು ಹತ್ತಿಕ್ಕಿದರು. ಕಲಿಯುವವರೂ ಬೇರೆ ಕಡೆ ತಿರುಗಿದ್ದರು. ಕ್ರಿ.ಶ. 21ರ ಹೊತ್ತಿಗೆ ಗಾಲ್‌ನ ದೊಡ್ಡ ಮನೆತನದ ಹುಡುಗರು ರೋಮನ್ ವಿದ್ಯೆ ಕಲಿಯುತ್ತಿದ್ದರು, ಅದೂ ಅದೇ ಈಡುಯಿ ಜನರ ರಾಜಧಾನಿಯಲ್ಲಿ.