ಕಡಲು ತೆರೆದು ಕೊಟ್ಟ ಊರು: ಆರ್ಕ್ನಿಯ ಕಲ್ಲುಗಳನ್ನು ಕಾಪಾಡುವ 200 ವರ್ಷದ ಕಥೆ

ಒಲೆ ಮನೆಯ ನಡುವೆ ಇದೆ. ನಾಲ್ಕು ಕಲ್ಲುಗಳನ್ನು ನೆಲದಲ್ಲಿ ಹೂತು ಚೌಕ ಕಟ್ಟಿದ ಒಲೆ. ಅದರ ಎಡಬಲಕ್ಕೆ ಚಪ್ಪಡಿ ನಿಲ್ಲಿಸಿ ಮಾಡಿದ ಮಲಗುವ ಕಟ್ಟೆಗಳು. ಬಾಗಿಲಿಗೆ ಎದುರಾಗಿ ಎರಡು ಅಂತಸ್ತಿನ ಕಲ್ಲಿನ ಅಟ್ಟಣೆ, ನಮ್ಮ ಹಳೆ ಮನೆಗಳ ನಾಗಂದಿಗೆಯನ್ನು ನೆನಪಿಸುತ್ತದೆ. ನೆಲದಲ್ಲಿ ಪುಟ್ಟ ಪುಟ್ಟ ತೊಟ್ಟಿಗಳು, ನೀರು ಸೋರದಂತೆ ಸಂದುಗಳಿಗೆ ಜೇಡಿಮಣ್ಣು ಮೆತ್ತಿದ್ದಾರೆ. ಈ ಮನೆಯಲ್ಲಿ ಒಲೆ ಉರಿದು ಸುಮಾರು 5,000 ವರ್ಷವಾಯಿತು. ಮರ ಅಪರೂಪವಾಗಿದ್ದ ನಾಡು, ಹಾಗಾಗಿ ಮಂಚವನ್ನೂ ಕಪಾಟನ್ನೂ ಕಲ್ಲಿನಲ್ಲೇ ಮಾಡಿಕೊಂಡರು. ಅದಕ್ಕೇ ಇಂದು ನೋಡಲು ಸಿಗುತ್ತಿದೆ.

ಊರಿನ ಹೆಸರು ಸ್ಕಾರಾ ಬ್ರೇ. ಸ್ಕಾಟ್ಲೆಂಡಿನ ಉತ್ತರದ ತುದಿ ದಾಟಿದರೆ ಸಿಗುವ ಆರ್ಕ್ನಿ ದ್ವೀಪಗಳಲ್ಲಿ, ಸ್ಕೇಲ್ ಕೊಲ್ಲಿಯ ದಂಡೆಯ ಮೇಲಿದೆ. ಅಲ್ಲಿಂದ ಕೆಲವೇ ಮೈಲಿ ಒಳಗೆ ಬ್ರಾಡ್ಗರ್ ಕಲ್ಲುಗಳ ವೃತ್ತ, ಸ್ಟೆನ್ನೆಸ್ ಕಲ್ಲುಗಳು ಮತ್ತು ಮೇಸ್‌ಹೌ ಎಂಬ ಸಮಾಧಿ ದಿಬ್ಬ. ಈ ನಾಲ್ಕನ್ನೂ ಒಟ್ಟಾಗಿ 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿ ಕೈಪಿಡಿಗಳು ಇಷ್ಟು ಹೇಳಿ ಮುಗಿಸುತ್ತವೆ. ಇವು ಪಟ್ಟಿ ಸೇರುವವರೆಗೆ ಉಳಿದು ಬಂದದ್ದು ಹೇಗೆ, ಇನ್ನು ಮುಂದೆ ಉಳಿಯುತ್ತವೆಯೇ ಎಂಬುದೇ ನನ್ನನ್ನು ಕಾಡುವ ವಿಷಯ.

1814ರ ಡಿಸೆಂಬರಿನಿಂದ ಶುರು ಮಾಡೋಣ. ಸ್ಟೆನ್ನೆಸ್ ಕಲ್ಲುಗಳಿದ್ದ ಜಮೀನನ್ನು ಗೇಣಿಗೆ ಹಿಡಿದಿದ್ದ ಕ್ಯಾಪ್ಟನ್ ಮ್ಯಾಕೆ ಎಂಬವನು ಹೊರಗಿನಿಂದ ಬಂದವನು. ಕಲ್ಲು ನೋಡಲು, ಹರಕೆ ತೀರಿಸಲು ಬರುವ ಜನ ತನ್ನ ಹೊಲ ತುಳಿಯುತ್ತಾರೆಂದು ಅವನಿಗೆ ಸಿಟ್ಟು. ಅಲ್ಲಿ ಓಡಿನ್ ಕಲ್ಲು ಎಂಬುದೊಂದಿತ್ತು, ಅದರಲ್ಲಿ ಆರಪಾರ ತೂತು. ಪ್ರೀತಿಸಿದವರು ಆ ತೂತಿನೊಳಗಿಂದ ಕೈ ಕೈ ಹಿಡಿದು ಆಣೆ ಮಾಡುತ್ತಿದ್ದರು, ಹಾಗೆ ಮಾಡಿದ ಆಣೆಯನ್ನು ಮುರಿಯುವಂತಿರಲಿಲ್ಲ. ಮ್ಯಾಕೆ ಅದನ್ನು ಒಡೆದು ಹಾಕಿದ. ಪಕ್ಕದ ಇನ್ನೊಂದನ್ನು ಒಡೆದ, ಮತ್ತೊಂದನ್ನು ಉರುಳಿಸಿದ. ಊರವರು ಎಷ್ಟು ರೊಚ್ಚಿಗೆದ್ದರೆಂದರೆ ಅವನ ಮನೆಗೆ ಬೆಂಕಿ ಇಡಲೂ ನೋಡಿದರು. ಆದರೆ ಅವನನ್ನು ತಡೆಯುವ ಕಾನೂನು ಆಗ ಇರಲಿಲ್ಲ. ಬ್ರಿಟನ್ನಿನ ಮೊದಲ ಪ್ರಾಚೀನ ಸ್ಮಾರಕ ಕಾಯ್ದೆ ಬಂದದ್ದು 1882ರಲ್ಲಿ. ಅದರ ಪಟ್ಟಿಯಲ್ಲಿ ಬ್ರಾಡ್ಗರ್ ಮತ್ತು ಸ್ಟೆನ್ನೆಸ್ ಕಲ್ಲುಗಳಿದ್ದವು. ಓಡಿನ್ ಕಲ್ಲು ಹೋಗಿ ಆಗಲೇ 68 ವರ್ಷವಾಗಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಆರ್ಕ್ನಿಯಲ್ಲಿ ಅದು ಮುಂದೆಯೂ ನಡೆಯಿತು.

ಸ್ಕಾರಾ ಬ್ರೇಯನ್ನು ಮನುಷ್ಯರು ಹುಡುಕಿದ್ದಲ್ಲ. 1850ರ ಚಳಿಗಾಲದಲ್ಲಿ ಬೀಸಿದ ಬಿರುಗಾಳಿ, ಏರಿ ಬಂದ ಅಲೆಗಳು ಮರಳ ದಿಬ್ಬದ ಮೇಲಿನ ಹುಲ್ಲನ್ನು ಕಿತ್ತೊಯ್ದವು. ಕೆಳಗೆ ಗೋಡೆಗಳು ಕಂಡವು. ಅಲ್ಲಿನ ಜಮೀನ್ದಾರ ವಿಲಿಯಂ ವಾಟ್ ತಾನೇ ಅಗೆಸಲು ತೊಡಗಿ, 1868ರ ಹೊತ್ತಿಗೆ ನಾಲ್ಕು ಮನೆಗಳನ್ನು ಬಯಲಿಗೆ ತಂದ. ಆಮೇಲೆ ಕೆಲಸ ನಿಂತಿತು, ಕಾವಲೂ ಇರಲಿಲ್ಲ. 1913ರಲ್ಲಿ ಒಂದು ವಾರಾಂತ್ಯ ಸಲಿಕೆ ಹಿಡಿದು ಬಂದವರು ಕೈಗೆ ಸಿಕ್ಕಿದ್ದನ್ನು ದೋಚಿಕೊಂಡು ಹೋದರು. ಏನೇನು ಹೋಯಿತೆಂಬ ಲೆಕ್ಕ ಯಾರ ಬಳಿಯೂ ಇಲ್ಲ. 1924ರಲ್ಲಿ ಸರ್ಕಾರ ತಾಣವನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಅದೇ ಡಿಸೆಂಬರಿನಲ್ಲಿ ಇನ್ನೊಂದು ಬಿರುಗಾಳಿ ಬಂದು ಮನೆಯೊಂದರ ಭಾಗವನ್ನೇ ಕೊಚ್ಚಿಕೊಂಡು ಹೋಯಿತು. ಕಡಲಿಗೆ ತಡೆಗೋಡೆ ಎದ್ದದ್ದು ಅದಾದ ಮೇಲೆ, 1925–26ರಲ್ಲಿ.

ಗೋಡೆಯ ಮರೆಯಲ್ಲಿ ಕೆಲಸ ಸಾಧ್ಯವಾಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಆಸ್ಟ್ರೇಲಿಯಾ ಮೂಲದ ಗಾರ್ಡನ್ ಚೈಲ್ಡ್ 1928ರಿಂದ 1930ರವರೆಗೆ ಇಲ್ಲಿ ಉತ್ಖನನ ನಡೆಸಿದರು. ಮನೆಗಳನ್ನು ತಿಪ್ಪೆಯ ಮಣ್ಣಿನೊಳಗೆ ಹುದುಗಿಸಿ ಕಟ್ಟಿದ್ದರು: ಬೂದಿ, ಚಿಪ್ಪು, ಮೂಳೆ, ಕಸ ಎಲ್ಲ ಸೇರಿ ಗಟ್ಟಿಯಾದ ಆ ಮಣ್ಣು ಚಳಿಗಾಳಿಯನ್ನು ತಡೆಯುತ್ತಿತ್ತು. ಒಂದು ಮನೆಯಿಂದ ಇನ್ನೊಂದಕ್ಕೆ ಬಗ್ಗಿ ಹೋಗುವಂಥ ತಗ್ಗಿನ ಓಣಿ. ಇದೆಲ್ಲ ಕಬ್ಬಿಣ ಯುಗದ್ದೆಂದು ಚೈಲ್ಡ್ ಮೊದಲು ಭಾವಿಸಿದ್ದರು. 1970ರ ದಶಕದ ರೇಡಿಯೊಕಾರ್ಬನ್ ಪರೀಕ್ಷೆಗಳು ಊರನ್ನು ಕ್ರಿ.ಪೂ. 3000ದ ಆಸುಪಾಸಿಗೆ ಒಯ್ದವು. ಈಜಿಪ್ಟಿನ ದೊಡ್ಡ ಪಿರಮಿಡ್ಡು ಏಳುವ ಮೊದಲೇ ಇಲ್ಲಿ ಸಂಸಾರಗಳು ನಡೆಯುತ್ತಿದ್ದವು.

ಊರು ಕಟ್ಟಿದಾಗ ಕಡಲು ಇಷ್ಟು ಹತ್ತಿರ ಇರಲಿಲ್ಲ. ದಂಡೆ ಸವೆಯುತ್ತ ಸವೆಯುತ್ತ ನೀರೇ ಊರಿನ ಬಾಗಿಲಿಗೆ ಬಂತು. 1920ರ ದಶಕದ ಗೋಡೆಯನ್ನು ಮತ್ತೆ ಮತ್ತೆ ದುರಸ್ತಿ ಮಾಡಿದ್ದಾರೆ, ಉದ್ದ ಮಾಡಿದ್ದಾರೆ. ಅದು ನಿಂತಷ್ಟು ಜಾಗದಲ್ಲಿ ಅಲೆಯನ್ನು ತಡೆಯುತ್ತದೆ. ಆದರೆ ಅದರ ಎರಡು ತುದಿಗಳಲ್ಲಿ ಮಣ್ಣು ಹೋಗುತ್ತಲೇ ಇದೆ. ಕೊಲ್ಲಿ ಹಿಂದೆ ಸರಿದಂತೆ ಗೋಡೆಯ ಹಿಂದಿನ ಊರು ಮುಂದಕ್ಕೆ ಚಾಚಿದ ಮೂಗಿನಂತಾಗುತ್ತಿದೆ. 2019ರಲ್ಲಿ ತಜ್ಞರು ಹವಾಮಾನ ಬದಲಾವಣೆಯ ಅಪಾಯವನ್ನು ಅಳೆದು, ಈ ಪರಂಪರೆಯ ತಾಣ ಅತಿ ಹೆಚ್ಚು ಅಪಾಯದ ವರ್ಗದಲ್ಲಿದೆ ಎಂದರು. ಏರುವ ಕಡಲು, ಬದಲಾಗುತ್ತಿರುವ ಮಳೆ, ಬಿರುಗಾಳಿಗಳ ರಭಸ, ಇವೇ ಅವರು ಹೆಸರಿಸಿದ ಮುಖ್ಯ ಕಾರಣಗಳು.

ಒಳನಾಡಿನ ಕಲ್ಲುಗಳಿಗೆ ಕಾಟ ಬೇರೆ. ಆರ್ಕ್ನಿಯ ಜನಸಂಖ್ಯೆ ಸುಮಾರು 22,000. ಬೇಸಿಗೆಯಲ್ಲಿ ಕರ್ಕ್‌ವಾಲ್ ಬಂದರಿಗೆ ಬರುವ ಕ್ರೂಸ್ ಹಡಗುಗಳಿಂದ ಒಂದೇ ದಿನ ಸಾವಿರಾರು ಜನ ಇಳಿಯುತ್ತಾರೆ. ಅವರಿಂದ ಅಂಗಡಿ, ಹೋಟೆಲು, ಟ್ಯಾಕ್ಸಿಗಳಿಗೆ ದುಡಿಮೆ ಇದೆ. ಆದರೆ ಬ್ರಾಡ್ಗರ್ ವೃತ್ತದ ನೆಲ ನೀರು ಹಿಡಿಯುವ ಹುಲ್ಲುನೆಲ, ಮಳೆ ಬಿದ್ದ ದಿನ ಸಾವಿರ ಕಾಲು ತುಳಿದರೆ ಕೆಸರಾಗುತ್ತದೆ. ಹಾಗಾಗಿ ಕಲ್ಲುಗಳ ಪಕ್ಕದ ಹಾದಿಯನ್ನು ಆಗಾಗ ಮುಚ್ಚಿ ಹುಲ್ಲಿಗೆ ಚೇತರಿಸಿಕೊಳ್ಳಲು ಬಿಡುತ್ತಾರೆ. ಅಷ್ಟು ದೂರದಿಂದ ಬಂದವರಿಗೆ ಬೇಸರವಾಗುವುದು ಸಹಜ. ಆದರೂ ಮುಚ್ಚುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆರ್ಕ್ನಿಯಲ್ಲೇ ಈಗ ಎರಡು ಬಗೆಯ ಉತ್ತರಗಳು ಕಾಣುತ್ತವೆ. ರೌಸೇ ದ್ವೀಪದ ಸ್ವಾಂಡ್ರೊದಲ್ಲಿ ಅಲೆಗಳು ಹಳೆಯ ನೆಲೆಯೊಂದನ್ನು ತಿನ್ನುತ್ತಿವೆ. ಅದನ್ನು ಉಳಿಸಲಾಗದೆಂದು ತಿಳಿದೇ ಪುರಾತತ್ವಜ್ಞರು ಬೇಸಿಗೆ ಬೇಸಿಗೆಗೆ ಅಗೆದು, ಕಡಲು ಒಯ್ಯುವ ಮುನ್ನ ಸಿಕ್ಕಿದ್ದನ್ನೆಲ್ಲ ದಾಖಲಿಸಿದರು. ಬ್ರಾಡ್ಗರ್ ವೃತ್ತದ ಸಮೀಪದ ನೆಸ್ ಆಫ್ ಬ್ರಾಡ್ಗರ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 2003ರಲ್ಲಿ ನೇಗಿಲಿಗೆ ಚಪ್ಪಡಿಯೊಂದು ತಗುಲಿ ಅಲ್ಲಿನ ನವಶಿಲಾಯುಗದ ದೊಡ್ಡ ಕಟ್ಟಡಗಳು ಬೆಳಕಿಗೆ ಬಂದವು. ಅಲ್ಲಿನ ಕಲ್ಲು ಪದರ ಪದರದ್ದು, ಗಾಳಿ ಮಳೆಗೆ ಒಡ್ಡಿದರೆ ಸಿಪ್ಪೆಯಂತೆ ಬಿಡುತ್ತದೆ. ಅದಕ್ಕಾಗಿ ಪ್ರತಿ ವರ್ಷ ಕೆಲಸ ಮುಗಿದೊಡನೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಾರದಂತೆ ಹಳೆಯ ಟೈರುಗಳನ್ನು ಹೇರುತ್ತಿದ್ದರು. 2024ರ ಬೇಸಿಗೆಯಲ್ಲಿ ಆ ದೀರ್ಘ ಉತ್ಖನನವನ್ನು ಮುಗಿಸಿದರು. 20 ವರ್ಷ ಕರಣೆ ಹಿಡಿದು ಬಿಡಿಸಿದ ಗೋಡೆಗಳ ಮೇಲೆ ಮತ್ತೆ ಮಣ್ಣು ಎಳೆದರು.

ಸ್ಕಾರಾ ಬ್ರೇಯನ್ನು ಹಾಗೆ ಮುಚ್ಚಿದರೂ ಆ ಮಣ್ಣನ್ನು ಒಯ್ಯಲು ಕಡಲು ಪಕ್ಕದಲ್ಲೇ ಇದೆ. ಅಲ್ಲಿ ಈಗಲೂ ಇರುವುದು ಆ ಗೋಡೆ, ಬಿರುಗಾಳಿ ಬಂದು ಹೋದ ಮೇಲೆ ಅದರ ಬುಡವನ್ನು ಪರೀಕ್ಷಿಸುವ ಜನ.