ಸಗಣಿಯೊಳಗಿದ್ದೂ ಕೊಳೆಯದ ಎರೆಹುಳು

ಕಾಫಿ ಕೊಯ್ಲು ಮುಗಿದ ಹೊಸತರಲ್ಲಿ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ತಮ್ಮ ಎರೆಗೊಬ್ಬರದ ತೊಟ್ಟಿಯ ಮುಂದೆ ನನ್ನನ್ನು ನಿಲ್ಲಿಸಿ, "ಹುಳುಗಳಿಗೆ ಏನೋ ರೋಗ ತಗುಲಿದೆ ಸಾರ್, ದನಕ್ಕೆ ಕೊಡುವ ಆಂಟಿಬಯೋಟಿಕ್ ಪುಡಿಯನ್ನೇ ನೀರಿಗೆ ಕದಡಿ ಚಿಮುಕಿಸಲೇ?" ಎಂದು ಕೇಳಿದರು. ಬೇಡವೆನ್ನುವುದು ಸುಲಭ, ಏಕೆ ಬೇಡವೆಂದು ವಿವರಿಸಲು ಹುಳುವಿನ ಮೈಯೊಳಗೆ ಇಣುಕಬೇಕಾಗುತ್ತದೆ.

ಎರೆಹುಳು ತಿನ್ನುವುದೂ ಹೊರಳುವುದೂ ಕೋಟ್ಯಂತರ ಬ್ಯಾಕ್ಟೀರಿಯಾಗಳ ನಡುವೆಯೇ. ನಮಗಿರುವಂತೆ ರೋಗಾಣುಗಳನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಅದಕ್ಕಿಲ್ಲ. ಅದರ ಕರುಳಿಗೂ ಹೊರಮೈಗೂ ನಡುವಿನ ಪೊಳ್ಳಿನಲ್ಲಿ ತುಂಬಿರುವ ದೇಹದ್ರವವು ಬೆನ್ನಿನ ಸಣ್ಣ ರಂಧ್ರಗಳ ಮೂಲಕ ಹೊರಗಿನ ಮಣ್ಣಿಗೆ ತೆರೆದುಕೊಂಡಿರುವುದರಿಂದ, ಸೂಕ್ಷ್ಮಾಣುಗಳು ಒಳನುಗ್ಗುವುದು ಅಪರೂಪವೇನಲ್ಲ. ಕಾವಲು ಇರುವುದು ಆ ದ್ರವದಲ್ಲೇ.

ಅದರಲ್ಲಿ ಮುಖ್ಯವಾದದ್ದು ಲೈಸೋಜೈಮ್ ಎಂಬ ಕಿಣ್ವ. ನಮ್ಮ ಕಣ್ಣೀರಿನಲ್ಲೂ ಮೊಟ್ಟೆಯ ಬಿಳಿಯಲ್ಲೂ ಇರುವ ಈ ಬಗೆಯ ಕಿಣ್ವವನ್ನು ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ, ಅಂದರೆ ಪೆನಿಸಿಲಿನ್ ಕಂಡುಹಿಡಿಯುವುದಕ್ಕೂ ಮೊದಲೇ, ವರದಿ ಮಾಡಿದ್ದರು. ಬ್ಯಾಕ್ಟೀರಿಯಾದ ಕೋಶಭಿತ್ತಿಯು ಎರಡು ಬಗೆಯ ಸಕ್ಕರೆಗಳು ಒಂದರ ಪಕ್ಕ ಒಂದು ಹೆಣೆದುಕೊಂಡ ಬಲೆ. ಲೈಸೋಜೈಮ್ ಆ ಎರಡರ ನಡುವಿನ ಕೊಂಡಿಯನ್ನು ಕತ್ತರಿಸಿದಾಗ ಬಲೆ ಸಡಿಲಗೊಂಡು, ನೀರು ಒಳಹೊಕ್ಕು, ಕೋಶವು ಉಬ್ಬಿ ಒಡೆಯುತ್ತದೆ. ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳ ಭಿತ್ತಿಯ ಮೇಲೆ ಇನ್ನೊಂದು ಪೊರೆಯಿರುವುದರಿಂದ ಅವುಗಳ ಮೇಲೆ ಇದೊಂದರ ಆಟ ಅಷ್ಟಾಗಿ ನಡೆಯದು. ಹಾಗಾಗಿ ಹುಳು ಒಂದೇ ಅಸ್ತ್ರವನ್ನು ನಂಬಿ ಕುಳಿತಿಲ್ಲ. ಎರೆಗೊಬ್ಬರದ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಾಕುವ ಐಸೀನಿಯಾ ಜಾತಿಯ ಹುಳುಗಳಲ್ಲಿ ಕೋಶಪೊರೆಗೆ ತೂತು ಕೊರೆಯುವ ಲೈಸೆನಿನ್, ಫೆಟಿಡಿನ್ ಎಂಬ ಪ್ರೋಟೀನುಗಳಿವೆ. ಫೀನಾಲ್‌ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವವು ಕಪ್ಪು ವರ್ಣಕ ಉಂಟಾಗುವಂತೆ ಮಾಡುತ್ತದೆ. ದ್ರವದಲ್ಲಿ ತೇಲುವ ಕೋಶಗಳು ಒಳನುಗ್ಗಿದವುಗಳನ್ನು ಸುತ್ತುವರಿದು ಕಟ್ಟುವ ಕಂದು ಉಂಡೆಗಳು ಬಾಲದ ಕಡೆ ಶೇಖರವಾಗುತ್ತವೆ. ಅವು ಹೆಚ್ಚಾದಾಗ ಹುಳುವು ಬಾಲದ ತುದಿಯನ್ನೇ ಕಳಚಿ ಬಿಸಾಡುವುದೂ ಉಂಟು.

ಇದನ್ನು ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಐಸೀನಿಯಾ ಹುಳುವೊಂದನ್ನು ಬೆರಳುಗಳ ನಡುವೆ ಹಗುರಾಗಿ ಒತ್ತಿದರೆ ಬೆನ್ನಿನ ರಂಧ್ರಗಳಿಂದ ಹಳದಿ ಛಾಯೆಯ, ಕಮಟು ವಾಸನೆಯ ಅಂಟುದ್ರವ ಜಿನುಗುತ್ತದೆ. ಈಗ ಹೇಳಿದ ಕಾವಲೆಲ್ಲವೂ ಇರುವುದು ಅದರಲ್ಲೇ.

ಬೆಳೆಗಾರರ ತೊಟ್ಟಿಗೆ ಬರೋಣ. ಮೊಣಕೈವರೆಗೆ ಕೈ ಇಳಿಸಿದರೆ ಬಿಸಿ ತಾಗಿತು, ಹುಳಿ ವಾಸನೆ ಮೂಗಿಗೆ ಬಡಿಯಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಹಸಿ ಸಿಪ್ಪೆಯನ್ನು ಹಾಗೆಯೇ ಸುರಿದಿದ್ದರು. ಅದು ಹುದುಗಿ ಕಾವೇರಿತ್ತು. 35 ಡಿಗ್ರಿ ದಾಟಿದ ಕಾವಿನೆದುರು ಯಾವ ಕಿಣ್ವವೂ ಹುಳುವನ್ನು ಕಾಯಲಾರದು. ಆಂಟಿಬಯೋಟಿಕ್ ಹಾಕಿದ್ದರೆ ಸಿಪ್ಪೆಯನ್ನು ಕರಗಿಸುವ, ಹುಳುವಿಗೆ ಆಹಾರವೂ ಆಗುವ ಸೂಕ್ಷ್ಮಾಣುಗಳಿಗೇ ಪೆಟ್ಟು ಬೀಳುತ್ತಿತ್ತು. ಕಾವು ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಸಿಪ್ಪೆಯನ್ನು ಹೊರತೆಗೆದು, ಸಗಣಿ ಬೆರೆಸಿ, ಆಗಾಗ ಮಗುಚುತ್ತಾ ನೆರಳಿನಲ್ಲಿ ಕೆಲವು ವಾರ ಅರೆಕೊಳೆಯಲು ಬಿಡುವಂತೆ ಹೇಳಿದೆ. ಕಾವು ಆರಿದ ಮೇಲೆ ಒಂದು ಹಿಡಿ ಹುಳುಗಳನ್ನು ಮೇಲೆ ಬಿಟ್ಟು, ಒದ್ದೆ ಗೋಣಿ ಮುಚ್ಚಿ, ಬೆಳಗ್ಗೆ ನೋಡಬೇಕು. ಅವು ಒಳಗೆ ಇಳಿದಿದ್ದರೆ ಉಳಿದವನ್ನೂ ಬಿಡಬಹುದು.